ಇಂದಿರಾ ಗಾಂಧಿ: ನಾವು ಇಟ್ಟುಕೊಂಡ ತಪ್ಪು ಲೆಕ್ಕ



ಕೆಲವು ದಿನಗಳ ಹಿಂದೆ ಒಂದು ಮಠದಲ್ಲಿ ಮಾಸಿಕ ಅನುಭಾವ ಗೋಷ್ಠಿ ಮುಗಿಸಿಕೊಂಡು ದಾಸೋಹದ ಪಂಕ್ತಿಯಲ್ಲಿ ಕುಳಿತಿದ್ದೆ. ತುರ್ತುಪರಿಸ್ಥಿತಿಗೆ ಐವತ್ತು ವರ್ಷ ತುಂಬಿದ್ದರಿಂದ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ, ಪಂಕ್ತಿಯಲ್ಲೂ ಅದೇ ಮಾತು. ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬರು ರೊಟ್ಟಿ ಮುರಿಯುತ್ತ, “ಎಮರ್ಜೆನ್ಸಿ ಬಿಡ್ರಿ, ಆಗ ಆಫೀಸಿನ್ಯಾಗ ಮಂದಿ ಹೊತ್ತಿಗೆ ಸರಿಯಾಗಿ ಬಂದು ಕೂಡತಿದ್ರು. ಆಕಿ ಮಾಡಿದ ಖರೇ ಅನ್ಯಾಯ ಅಂದ್ರ ನಮ್ಮ ಮಂದೀನ ಮುಗಿಸಿದ್ದು” ಎಂದರು. ಸುತ್ತ ಕುಳಿತ ಏಳೆಂಟು ಜನ ತಲೆದೂಗಿದರು. ನಾನು ಸುಮ್ಮನೆ ಊಟ ಮಾಡಿ ಎದ್ದೆ. ಊರಿಗೆ ಮರಳುವಾಗ ಬಸ್ಸಿನಲ್ಲಿ ಆ ಮಾತು ಕಾಡತೊಡಗಿತು. ಅಲ್ಲಿ ಹೇಳಬೇಕಾಗಿದ್ದು ಈಗ ಇಲ್ಲಿ ಬರೆಯುತ್ತಿದ್ದೇನೆ.

ಆ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಫೋಟೋ ತೂಗುಹಾಕಿದ್ದವು. ಒಂದು ಬಸವಣ್ಣನವರದು, ಇನ್ನೊಂದು ಎಸ್. ನಿಜಲಿಂಗಪ್ಪನವರದು. ದೆಹಲಿಯ ಸುದ್ದಿ ರೇಡಿಯೋದಲ್ಲಿ ಬಂದಾಗ ನಮ್ಮ ತಂದೆಯವರು ಎದ್ದು ಅದನ್ನು ಆರಿಸುತ್ತಿದ್ದರು. ಇಂದಿರಾ ಗಾಂಧಿಯವರು ಎಂದರೆ ನಮ್ಮ ಮನೆಗೆ ನಿಜಲಿಂಗಪ್ಪನವರನ್ನು ಅವಮಾನ ಮಾಡಿದವರು, ಲಿಂಗಾಯತರ ಕೈಯಿಂದ ರಾಜ್ಯ ಕಸಿದವರು. ಅದಕ್ಕಿಂತ ಹೆಚ್ಚಿನ ವಿಚಾರವನ್ನು ಅಲ್ಲಿ ಯಾರೂ ಮಾಡುತ್ತಿರಲಿಲ್ಲ.

ನಡೆದದ್ದೇನು ಎಂಬುದನ್ನು ಮೊದಲು ನೋಡೋಣ. 1956ರಲ್ಲಿ ಕರ್ನಾಟಕ ಒಂದಾದ ಮೇಲೆ ನಿಜಲಿಂಗಪ್ಪನವರು, ಬಿ.ಡಿ. ಜತ್ತಿಯವರು, ಸ್ವಲ್ಪ ಕಾಲ ಎಸ್.ಆರ್. ಕಂಠಿಯವರು, ಮತ್ತೆ ನಿಜಲಿಂಗಪ್ಪನವರು, 1968ರಿಂದ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾಗಿದ್ದರು. ಹದಿನೈದು ವರ್ಷಗಳ ಹತ್ತಿರ ಆ ಕುರ್ಚಿ ನಮ್ಮವರ ಕೈಯಲ್ಲೇ ಇತ್ತು. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾದರು. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಹಿರಿಯರ ಗುಂಪು ನೀಲಂ ಸಂಜೀವರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿ ಮಾಡಿತು. ಒಂದು ವಾರದೊಳಗೆ, ಜುಲೈ 19ರಂದು, ಪ್ರಧಾನಿಗಳು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಅವುಗಳಲ್ಲಿ ನಮ್ಮ ನಾಡಿನ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳೂ ಇದ್ದವು. ಆಗಸ್ಟಿನಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಸೋತು ವಿ.ವಿ. ಗಿರಿಯವರು ಗೆದ್ದರು. ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಲಾಯಿತು. ಪಕ್ಷ ಎರಡಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಅವರ ಕಾಂಗ್ರೆಸ್ ಗೆದ್ದಿತು. 1972ರಲ್ಲಿ ವಿಧಾನಸಭೆಯ 216ರಲ್ಲಿ 165. ದೇವರಾಜ ಅರಸರು ಮುಖ್ಯಮಂತ್ರಿಯಾದರು.

ನಿಜಲಿಂಗಪ್ಪನವರು ಪ್ರಾಮಾಣಿಕ ವ್ಯಕ್ತಿ. ಕರ್ನಾಟಕ ಏಕೀಕರಣದಲ್ಲಿ ಅವರ ಪಾಲು ದೊಡ್ಡದು. ಅವರನ್ನು ಆ ದಿನಗಳಲ್ಲಿ ನಡೆಸಿಕೊಂಡ ರೀತಿ ಸರಿಯಲ್ಲ ಎಂದು ನಾನು ಇಂದಿಗೂ ಹೇಳುತ್ತೇನೆ. ಆದರೆ ಅದು ಲಿಂಗಾಯತರ ಮೇಲಿನ ದ್ವೇಷವೇ? ಹಾಗಿದ್ದರೆ ಅರಸರ ಗತಿ ಏನಾಯಿತು? 1977ರಲ್ಲಿ ಉತ್ತರ ಭಾರತದಲ್ಲೆಲ್ಲ ಕಾಂಗ್ರೆಸ್ ನೆಲಕಚ್ಚಿದಾಗ 28ರಲ್ಲಿ 26 ಸ್ಥಾನ ಗೆದ್ದುಕೊಟ್ಟವರು, 1978ರಲ್ಲಿ ಚಿಕ್ಕಮಗಳೂರಿನಿಂದ ಅವರನ್ನು ಮತ್ತೆ ಲೋಕಸಭೆಗೆ ಕಳಿಸಿದವರು ಅರಸರು. ಮರುವರ್ಷವೇ ಅವರನ್ನು ಪಕ್ಷದಿಂದ ಹೊರಗೆ ಹಾಕಿದರು. ಚಿಕ್ಕಮಗಳೂರಿನಲ್ಲಿ ಎದುರು ನಿಂತು ಸುಮಾರು 77 ಸಾವಿರ ಮತಗಳಿಂದ ಸೋತ ವೀರೇಂದ್ರ ಪಾಟೀಲರನ್ನು 1980ರಲ್ಲಿ ತಮ್ಮ ಸಂಪುಟಕ್ಕೇ ಸೇರಿಸಿಕೊಂಡರು. ಜಾತಿ ನೋಡಿ ಮಾಡಿದ ಕೆಲಸವಲ್ಲ ಇದು. ತಮಗಿಂತ ಬೇರೆಯಾಗಿ ನಿಲ್ಲುವ ಕಾಲು ಯಾರಿಗಿದೆಯೋ ಅವರು ಯಾವ ಜಾತಿಯವರಾದರೂ ಅವರಿಗೆ ಬೇಡವಾಗಿದ್ದರು.

ನಮ್ಮ ಹಿರಿಯರ ಮಾತಿನಲ್ಲಿ ಇನ್ನೊಂದು ಗೊಂದಲವೂ ಇದೆ. 1990ರಲ್ಲಿ ವೀರೇಂದ್ರ ಪಾಟೀಲರು ಕಾಯಿಲೆ ಮಲಗಿದ್ದಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು ಅವರನ್ನು ಬದಲಿಸುವ ಮಾತಾಡಿದ್ದು ರಾಜೀವ ಗಾಂಧಿ. ಆಗ ಇಂದಿರಾ ಅವರು ತೀರಿಕೊಂಡು ಆರು ವರ್ಷವಾಗಿತ್ತು. ಆದರೂ ಕಟ್ಟೆಯ ಮೇಲಿನ ಹರಟೆಯಲ್ಲಿ ಮಗನ ಬಾಕಿ ತಾಯಿಯ ಖಾತೆಗೆ ಬೀಳುತ್ತದೆ. ಒಂದು ಅರ್ಥದಲ್ಲಿ ಅದು ಪೂರ್ತಿ ತಪ್ಪೂ ಅಲ್ಲ. ಕಾಂಗ್ರೆಸ್ ಪಕ್ಷದೊಳಗೆ 1972ರ ನಂತರ ಇಪ್ಪತ್ತು ವರ್ಷ ಆಂತರಿಕ ಚುನಾವಣೆಯೇ ನಡೆಯಲಿಲ್ಲ. ಶಾಸಕರು ಆರಿಸಬೇಕಾದ ನಾಯಕನ ಹೆಸರು ದೆಹಲಿಯಿಂದ ಲಕೋಟೆಯಲ್ಲಿ ಬರತೊಡಗಿತು. ವಿಮಾನ ನಿಲ್ದಾಣದಲ್ಲಿ ಆಗಿದ್ದು ಆ ಪದ್ಧತಿಯ ಫಲ. ಮತ್ತು ಅದು ಇಂದು ಒಂದು ಪಕ್ಷಕ್ಕೆ ಮಾತ್ರ ಅಂಟಿದ ರೋಗವಲ್ಲ, ಓದುಗರು ಬಲ್ಲರು.

ಇನ್ನು ನಮ್ಮ ಮನೆಯ ವಿಷಯ. ನಮ್ಮ ತಂದೆಯವರ ಸಿಟ್ಟಿಗೆ ನಿಜಲಿಂಗಪ್ಪನವರು ಮಾತ್ರ ಕಾರಣರಾಗಿರಲಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಲಾವಣಿಗೆ ಹಾಕಿದ ಜಮೀನೆಲ್ಲ ಸರಕಾರದ್ದಾಯಿತು. ಉಳುವವನು ಫಾರ್ಮ್ ನಂಬರ್ 7 ತುಂಬಿ ತಾಲೂಕಿನ ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಜಮೀನು ಅವನ ಹೆಸರಿಗೆ. ನಮ್ಮ ಹೊಲಗಳಲ್ಲಿ ಹನ್ನೊಂದು ಎಕರೆ ಹೀಗೆ ಹೋಯಿತು. ಅರ್ಜಿ ಹಾಕಿದವರು ಇಬ್ಬರು. ಒಬ್ಬರು ಕುರುಬರು. ಇನ್ನೊಬ್ಬರು ನಮ್ಮಂತೆಯೇ ಕೊರಳಲ್ಲಿ ಇಷ್ಟಲಿಂಗ ಧರಿಸಿದವರು, ನಮ್ಮಂತೆಯೇ ವಿಭೂತಿ ಹಚ್ಚುವವರು. ಮೂರು ತಲೆಮಾರಿನಿಂದ ಅವರ ಮನೆತನ ನಮ್ಮ ಹೊಲ ಮಾಡುತ್ತಿತ್ತು. ಆದರೆ ನಮ್ಮ ಮನೆಯ ಮದುವೆಯಲ್ಲಿ ಅವರು ಉಣ್ಣುವ ಪಂಕ್ತಿ ಬೇರೆ, ಅಂಗಳದಲ್ಲಿ. ಅವರ ಮನೆಯಲ್ಲಿ ನಾವು ನೀರು ಕುಡಿದದ್ದು ನನಗೆ ನೆನಪಿಲ್ಲ. ತಂದೆಯವರನ್ನು ಅವರು ಧಣೇರ ಎಂದು ಕರೆಯುತ್ತಿದ್ದರು. ತಂದೆಯವರು ಅವರನ್ನು ಏಕವಚನದಲ್ಲಿ, ಅರ್ಧ ಹೆಸರಿನಲ್ಲಿ ಕೂಗುತ್ತಿದ್ದರು. ಅವರಿಗೆ ತಂದೆಯವರಿಗಿಂತ ಹೆಚ್ಚು ವಯಸ್ಸಾಗಿತ್ತು.

ನ್ಯಾಯಮಂಡಳಿಯ ಮುಂದೆ ವಕೀಲರನ್ನು ಒಯ್ಯುವಂತಿರಲಿಲ್ಲ. ತಾಲೂಕಿನ ಕಚೇರಿಯಲ್ಲಿ ತಂದೆಯವರೂ ಅವರೂ ಎದುರುಬದುರು ನಿಂತು ಸ್ವಂತ ಬಾಯಿಂದ ಉತ್ತರ ಹೇಳಬೇಕಾಯಿತು. “ಈ ಹೊಲ ಯಾರು ಬಿತ್ತಾರು, ಯಾರು ರಾಶಿ ಮಾಡತಾರು” ಎಂದು ಕೇಳಿದಾಗ ತಂದೆಯವರು ಸುಳ್ಳು ಹೇಳಲಿಲ್ಲ. ಅದೊಂದು ನನಗೆ ಇಂದಿಗೂ ಅಭಿಮಾನ. ಉತಾರದಲ್ಲಿ ಹೆಸರು ಬದಲಾಯಿತು. ಆಮೇಲೆ ಅವರೊಡನೆ ತಂದೆಯವರು ಕೊನೆಯವರೆಗೂ ಮಾತಾಡಲಿಲ್ಲ.

ಈಗ ಪಂಕ್ತಿಯಲ್ಲಿ ಕೇಳಿದ ಮಾತಿಗೆ ಬರುತ್ತೇನೆ. “ನಮ್ಮ ಮಂದೀನ ಮುಗಿಸಿದ್ಳು.” ಆ ನಮ್ಮ ಮಂದಿಯಲ್ಲಿ ಅಂಗಳದಲ್ಲಿ ಕುಳಿತು ಉಂಡ ಆ ಶರಣರು ಇದ್ದರೋ ಇಲ್ಲವೋ? ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಟ್ಟಿದ ಸಮುದಾಯದಲ್ಲಿ ಅವರು ನಮ್ಮವರು. 1974ರಲ್ಲಿ ನಮ್ಮ ಪಡಸಾಲೆಯಲ್ಲಿ ಅವರು ನಮ್ಮವರಾಗಿರಲಿಲ್ಲ. ಅವರಿಗೆ ಐದೂವರೆ ಎಕರೆ ಹೊಲ ಸಿಕ್ಕಿದ್ದನ್ನು ಲಿಂಗಾಯತರಿಗೆ ಆದ ನಷ್ಟ ಎಂದು ಬರೆದುಕೊಂಡವರು ಲಿಂಗಾಯತ ಎಂಬ ಶಬ್ದವನ್ನು ಭೂಮಿ ಇದ್ದವರಿಗಷ್ಟೇ ಮೀಸಲಿಟ್ಟರು ಎಂದಾಯಿತು. ಕಾಯಕ, ದಾಸೋಹಗಳ ಬಗ್ಗೆ ನಾವು ಪ್ರತಿ ಬಸವ ಜಯಂತಿಗೂ ಭಾಷಣ ಮಾಡುತ್ತೇವೆ. ಉಳುವವನದು ಕಾಯಕವಾದರೆ ದೂರದಲ್ಲಿ ಕುಳಿತು ಪಾಲು ಎಣಿಸಿಕೊಳ್ಳುವವನದು ಏನು ಎಂಬ ಪ್ರಶ್ನೆಯನ್ನು ಯಾವ ಬಸವ ಜಯಂತಿಯಲ್ಲೂ ನಾನು ಕೇಳಿಲ್ಲ. ನಮ್ಮ ಅನೇಕ ಮಠಗಳ ಲಾವಣಿ ಜಮೀನು ಕೂಡ ಆಗ ಹೋಯಿತು. ಆ ನೋವನ್ನು ಹೇಳುವ ಪೂಜ್ಯರು ಇಂದಿಗೂ ಇದ್ದಾರೆ. ಪಡೆದ ಒಕ್ಕಲಿನವರು ಅದೇ ಮಠದ ಭಕ್ತರು ಎಂಬುದನ್ನು ಅದೇ ಉಸಿರಿನಲ್ಲಿ ಹೇಳುವವರು ಕಡಿಮೆ.

ಇನ್ನೂ ಒಂದು ಸತ್ಯ. ಭೂಸುಧಾರಣೆ ಮಾಡುವ ಅವಕಾಶ ಮೊದಲು ಬಂದದ್ದು ನಮ್ಮವರಿಗೇ. 1957ರಲ್ಲಿ ಗೇಣಿ ಕಾನೂನುಗಳ ಬಗ್ಗೆ ರಚಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. 1961ರ ಕಾಯ್ದೆ ಅವರು ಮುಖ್ಯಮಂತ್ರಿಯಾಗಿದ್ದಾಗ ಬಂದದ್ದು. ಅದು ಜಾರಿಗೆ ಬರಲು 1965 ಬೇಕಾಯಿತು, ಅಷ್ಟರಲ್ಲಿ ಜಮೀನುದಾರರು ಒಕ್ಕಲುಗಳನ್ನು ಬಿಡಿಸಿ, ಸ್ವಂತ ಸಾಗುವಳಿ ಎಂದು ಬರೆಸಿ, ಹಂಚಿಕೆ ಪತ್ರ ಮಾಡಿಸಿ ಮುಗಿಸಿದ್ದರು. ಉತ್ತರ ಕರ್ನಾಟಕದಲ್ಲಿ 1974ರ ಕಾಯ್ದೆಯಿಂದ ಕರಾವಳಿಯಲ್ಲಿ ಆದಷ್ಟು ಪರಿಣಾಮ ಆಗದಿರಲು ಅದೂ ಒಂದು ಕಾರಣ. ಕಾನೂನು ನಮ್ಮ ಕೈಯಲ್ಲಿದ್ದಾಗ ಅದಕ್ಕೆ ತೂತು ಇಟ್ಟವರು ನಾವು. ಬೇರೆಯವರು ಬಂದು ತೂತು ಮುಚ್ಚಿದಾಗ ಅನ್ಯಾಯ ಎಂದೆವು.

1974ರ ಕಾಯ್ದೆ ನಿರ್ದೋಷಿಯಾಗಿತ್ತೆಂದು ನಾನು ಹೇಳುವುದಿಲ್ಲ. ನಮ್ಮೂರಿನ ಒಬ್ಬ ತಾಯಿ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಬೇಸಾಯ ಮಾಡುವ ಗಂಡಾಳಿಲ್ಲದೆ, ಇದ್ದ ನಾಲ್ಕೆಕರೆಯನ್ನು ಲಾವಣಿಗೆ ಕೊಟ್ಟಿದ್ದರು. ಅದನ್ನು ಮಾಡುತ್ತಿದ್ದವನಿಗೆ ಸ್ವಂತದ್ದೇ ಇಪ್ಪತ್ತೆಕರೆ ಇತ್ತು. ಕಾಯ್ದೆಯಲ್ಲಿ ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಇತ್ತು, ಆ ತಾಯಿಗೆ ಇರಲಿಲ್ಲ. ಅವರು ಕೊನೆಗೆ ಊರಿನ ಶಾಲೆಯಲ್ಲಿ ಅಡುಗೆ ಮಾಡಿ ಮಗನನ್ನು ಓದಿಸಿದರು. ಭೂಮಿಯೇ ಇಲ್ಲದ ಕೂಲಿಕಾರರಿಗೂ ಈ ಕಾಯ್ದೆಯಿಂದ ದಕ್ಕಿದ್ದು ಅತ್ಯಲ್ಪ. ಆದರೂ ರಾಜ್ಯದಲ್ಲಿ ಬಂದ ಸುಮಾರು 8 ಲಕ್ಷ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಕ್ಕಲುಗಳ ಪರವಾಗಿ ತೀರ್ಮಾನವಾದವು. ಅಷ್ಟು ಮನೆಗಳಲ್ಲಿ ಧಣೇರ ಎಂಬ ಶಬ್ದ ನಿಂತಿತು. ಇದರ ದೊಡ್ಡ ಶ್ರೇಯಸ್ಸು ಅರಸರಿಗೆ, ಕಂದಾಯ ಇಲಾಖೆಯಲ್ಲಿ ದುಡಿದವರಿಗೆ, ಹೋರಾಡಿದ ರೈತರಿಗೆ ಸೇರಬೇಕು. ಇಂದಿರಾ ಅವರ ಪಾಲು, ಹಳೆಯ ಜಮೀನುದಾರಿ ಮನೆತನಗಳ ಮೇಲೆ ನಿಂತಿದ್ದ ಪಕ್ಷವನ್ನು ಒಡೆದು ಅರಸರಂಥವರಿಗೆ ದಾರಿ ಬಿಟ್ಟದ್ದು. ಅದು ಸಣ್ಣ ಪಾಲಲ್ಲ.

ನಾನು ಸರಕಾರಿ ಸೇವೆಯಲ್ಲಿ ಎಂಜಿನಿಯರನಾಗಿ ಮೂವತ್ತೈದು ವರ್ಷ ದುಡಿದೆ. ನಮ್ಮಲ್ಲಿ ಎಂ.ಬಿ. ಎಂಬ ಅಳತೆ ಪುಸ್ತಕವಿರುತ್ತದೆ. ಅದರಲ್ಲಿ ತಪ್ಪು ಬಿದ್ದರೆ ರಬ್ಬರಿನಿಂದ ಅಳಿಸುವಂತಿಲ್ಲ, ಮೇಲೆ ತಿದ್ದುವಂತಿಲ್ಲ. ತಪ್ಪು ಅಂಕಿಯ ಮೇಲೆ ಒಂದು ಗೆರೆ ಎಳೆದು, ಅದು ಓದಲು ಬರುವಂತೆಯೇ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಇಂದಿರಾ ಅವರ ವಿಷಯದಲ್ಲಿ ನಮ್ಮ ಪುಸ್ತಕದಲ್ಲಿ ಎರಡು ನಮೂದುಗಳ ಜಾಗ ಅದಲುಬದಲಾಗಿದೆ. ಒಂದನ್ನು ಈಗ ಹೇಳಿದೆ. ಎರಡನೆಯದು “ಎಮರ್ಜೆನ್ಸಿ ಬಿಡ್ರಿ” ಎಂಬುದು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಅವರ ಚುನಾವಣೆಯನ್ನು ಅಸಿಂಧುಗೊಳಿಸಿತು. 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಮರುದಿನ ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಇಲ್ಲೇ ಬಂಧಿಸಿದರು. ನಮ್ಮ ಸಮಾಜದ ಜೆ.ಎಚ್. ಪಟೇಲರು, ಬಿ.ಎಸ್. ಯಡಿಯೂರಪ್ಪನವರು ಜೈಲು ಕಂಡರು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. ವಿಚಾರಣೆಯಿಲ್ಲದೆ ಒಳಗೆ ಹಾಕಿದವನು ಕೋರ್ಟಿಗೆ ಹೋಗಿ ನನ್ನನ್ನು ಯಾಕೆ ಹಿಡಿದಿರಿ ಎಂದು ಕೇಳುವ ಹಕ್ಕೂ ಇಲ್ಲವೆಂದು 1976ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಬ್ಬರು, ಎಚ್.ಆರ್. ಖನ್ನಾ, ಒಪ್ಪಲಿಲ್ಲ. ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು, ಅದರಲ್ಲಿ ಎಷ್ಟೋ ಜನ ಒಲ್ಲೆನೆಂದರೂ ಬಿಡದೆ ಒಯ್ದವರು. “ಆಫೀಸಿಗೆ ಹೊತ್ತಿಗೆ ಬರುತ್ತಿದ್ದರು” ಎಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ತಿಳಿದಿದೆ. ನಾನು ಸೇವೆಗೆ ಸೇರಿದಾಗ ನನ್ನ ಕೈಕೆಳಗಿದ್ದ ಹಿರಿಯ ಮೇಸ್ತ್ರಿಯೊಬ್ಬರು ಆ ಕಾಲವನ್ನು ನೆನೆದು ಹೇಳುತ್ತಿದ್ದರು: “ಬರೂದು ಹೊತ್ತಿಗೆ ಬರತಿದ್ವಿರೀ ಸಾಹೇಬ್ರ. ಬಂದು ಏನ್ ಮಾಡತಿದ್ವಿ ಅಂದ್ರ, ಆಪರೇಷನ್‌ಗೆ ಯಾರನ್ನ ಹಿಡಕೊಂಡು ಹೋಗೂದು ಅಂತ ಪಟ್ಟಿ ಮಾಡತಿದ್ವಿ.” ಹಾಜರಿ ಪುಸ್ತಕ ತುಂಬಿದ್ದರೆ ಕಾಲುವೆಯಲ್ಲಿ ನೀರು ಹರಿಯುತ್ತದೆಂದು ನಂಬುವವರಿಗೆ ನಾನು ಏನೂ ಹೇಳಲಾರೆ.

ಬೆಂಗಳೂರಿನ ಜೈಲಿನಲ್ಲಿ ಒಬ್ಬ ಹೆಣ್ಣುಮಗಳೂ ಇದ್ದರು. ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದವರು, ರಂಗಭೂಮಿಯವರು. 1976ರ ಮೇ ತಿಂಗಳಲ್ಲಿ ಹಿಡಿದುಕೊಂಡು ಹೋದರು. ಅವರಿಗೆ ತೀವ್ರ ದಮ್ಮು ಇತ್ತು. ಜೈಲಿನ ಕೋಣೆಯಲ್ಲಿ ಅದು ಹೆಚ್ಚಾಯಿತು. ಯಾವ ಆರೋಪವೂ ಸಾಬೀತಾಗಲಿಲ್ಲ. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರಿಗೆ ಆಗ ನಲವತ್ತೈದೂ ತುಂಬಿರಲಿಲ್ಲ. ದೇಶದ ಗದ್ದುಗೆಯ ಮೇಲೆ ಹೆಣ್ಣಿದ್ದಾಗ ನಡೆದದ್ದು ಇದು.

ಬಸವ ಭಕ್ತರಿಗೆ ಈ ಇತಿಹಾಸ ಹೊಸದಾಗಬಾರದಿತ್ತು. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಮರಣದಂಡನೆಯಾದಾಗ ಅವರ ಮೇಲೆ ಯಾವ ನ್ಯಾಯಸಭೆ ವಿಚಾರಣೆ ನಡೆಸಿತು? ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ಓಡಿದ್ದು ಯಾಕೆ? ಅರಸನಿಗೆ ಹಿಡಿಸದ ಮಾತನ್ನು ಸುಡುವ ಪದ್ಧತಿ ಏನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಬರೆದದ್ದನ್ನು ಉಳಿಸಿಕೊಳ್ಳಲು ಪ್ರಾಣ ಕೊಟ್ಟವರ ಮಕ್ಕಳು ನಾವು. ಪತ್ರಿಕೆಯ ಖಾಲಿ ಬಿಟ್ಟ ಸಂಪಾದಕೀಯವನ್ನು ನೋಡಿ ನಮಗೆ ಉಳವಿಯ ದಾರಿ ನೆನಪಾಗಬೇಕಿತ್ತು. ನಮಗೆ ನೆನಪಾಗಿದ್ದು ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ ವಚನ ಸಾಹಿತ್ಯವನ್ನು ಬೇರೆ ಬೇರೆ ಭಾಷೆಗಳಿಗೆ ಒಯ್ಯಲು ಹಾದಿ ಮಾಡಿದವರು ಬಿ.ಡಿ. ಜತ್ತಿಯವರು. ಆ ಕೆಲಸಕ್ಕೆ ನಾವೆಲ್ಲ ಋಣಿಗಳು. ಅವರೇ ತುರ್ತುಪರಿಸ್ಥಿತಿಯ ಇಪ್ಪತ್ತೊಂದು ತಿಂಗಳೂ ದೇಶದ ಉಪರಾಷ್ಟ್ರಪತಿಗಳು, ರಾಜ್ಯಸಭೆಯ ಸಭಾಪತಿಗಳು. ವಿರೋಧ ಪಕ್ಷದ ಎಷ್ಟೋ ಸದಸ್ಯರು ಜೈಲಿನಲ್ಲಿದ್ದಾಗ, 1976ರ ನವೆಂಬರಿನಲ್ಲಿ, ಸಂವಿಧಾನದ 42ನೆಯ ತಿದ್ದುಪಡಿ ಆ ಸದನದಲ್ಲಿ ಅಂಗೀಕಾರವಾಯಿತು. ಉಪರಾಷ್ಟ್ರಪತಿಗೆ ಆಡಳಿತದ ಅಧಿಕಾರ ಇರುವುದಿಲ್ಲ, ಒಪ್ಪುತ್ತೇನೆ. ರಾಜೀನಾಮೆ ಕೊಡುವ ಅಧಿಕಾರ ಇರುತ್ತದೆ. ಬಿಜ್ಜಳನ ಮಂತ್ರಿ ಪದವಿಯನ್ನು ಬಿಟ್ಟು ಕಲ್ಯಾಣದಿಂದ ನಡೆದುಹೋದವರ ಹೆಸರಿನಲ್ಲಿ ಸಮಿತಿ ಕಟ್ಟಿದ ಹಿರಿಯರು ಆ ಕುರ್ಚಿಯಲ್ಲಿ ಕುಳಿತೇ ಇದ್ದರು. 1977ರ ಮಾರ್ಚಿನಲ್ಲಿ ತುರ್ತುಪರಿಸ್ಥಿತಿ ಕೊನೆಗೊಂಡಾಗ ಹಂಗಾಮಿ ರಾಷ್ಟ್ರಪತಿಯಾಗಿದ್ದವರೂ ಅವರೇ. ಅದು ಅವರ ಪಾಲಿಗೆ ಬಂದ ಒಂದು ಸಮಾಧಾನ ಎನ್ನೋಣ. ನಮ್ಮವರು ಎಂಬ ಕಾರಣಕ್ಕೆ ಈ ಪುಟವನ್ನು ಮಡಚಿಟ್ಟರೆ ಬೇರೆಯವರ ಲೆಕ್ಕ ಕೇಳುವ ನೈತಿಕತೆ ನಮಗೆ ಉಳಿಯುವುದಿಲ್ಲ.

ಒಂದು ತೊಡಕನ್ನು ನಾನು ಬಿಡಿಸಲಾರೆ, ಬಚ್ಚಿಡಲೂ ಆರೆ. ಭೂ ನ್ಯಾಯಮಂಡಳಿಗಳು ಚುರುಕಾಗಿ ಕೆಲಸ ಮಾಡಿದ್ದು ಇದೇ ತುರ್ತುಪರಿಸ್ಥಿತಿಯ ತಿಂಗಳುಗಳಲ್ಲಿ. ವಕೀಲರು ಬರಬಾರದು ಎಂಬ ನಿಯಮ ಬಡ ಒಕ್ಕಲಿಗೆ ಅನುಕೂಲವಾಯಿತು, ನ್ಯಾಯಮಂಡಳಿಯ ತೀರ್ಪಿನ ಮೇಲೆ ಆಗ ಮೇಲ್ಮನವಿಯೂ ಇರಲಿಲ್ಲ. ಕೋರ್ಟಿನ ಬಾಗಿಲು ಮುಚ್ಚಿದ್ದರಿಂದ ಒಬ್ಬರಿಗೆ ಹೊಲ ಸಿಕ್ಕಿತು, ಅದೇ ಕಾಲಕ್ಕೆ ಇನ್ನೊಬ್ಬರಿಗೆ ಜೈಲಿನ ಬಾಗಿಲು ತೆರೆಯಲಿಲ್ಲ. ಇಂದಿರಾ ಅವರ ಅಭಿಮಾನಿಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ಸಮರ್ಥಿಸುತ್ತಾರೆ. ನಾನು ಒಪ್ಪುವುದಿಲ್ಲ. ಕಾಯ್ದೆ ಬಂದದ್ದು 1974ರಲ್ಲಿ, ವಿಧಾನಸಭೆಯಲ್ಲಿ ಚರ್ಚೆಯಾಗಿ, ವಿರೋಧ ಪಕ್ಷದವರು ಹೊರಗೆ ಓಡಾಡಿಕೊಂಡಿದ್ದಾಗ. ಅದಕ್ಕೆ ಯಾರನ್ನೂ ಜೈಲಿಗೆ ಹಾಕುವ ಅಗತ್ಯ ಬಿದ್ದಿರಲಿಲ್ಲ.

ಹೆಣ್ಣು ಎಂಬ ವಿಷಯಕ್ಕೆ ಮತ್ತೆ ಬರುತ್ತೇನೆ. ಪ್ರಧಾನಿಯಾದ ಹೊಸದರಲ್ಲಿ ಅವರನ್ನು ರಾಮಮನೋಹರ ಲೋಹಿಯಾ ಮೂಕ ಗೊಂಬೆ ಎಂದರು. ಲೋಹಿಯಾರಂಥ ದೊಡ್ಡ ಮನುಷ್ಯರ ಬಾಯಲ್ಲಿ ಅದು ಬಂದರೆ, ನಮ್ಮೂರ ಕಟ್ಟೆಯ ಮೇಲೆ ಏನು ಬರುತ್ತಿತ್ತೆಂದು ಕೇಳಬೇಡಿ. ಅವರ ಆಡಳಿತದ ಬಗ್ಗೆ ಬೈದವರು ಕಡಿಮೆ. ಬೈಗುಳವೆಲ್ಲ ವಿಧವೆ ಎಂಬುದರ ಸುತ್ತ, ಹೆಂಗಸು ಎಂಬುದರ ಸುತ್ತ. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮದವರು ಮುಂಜಾನೆ ಎದ್ದು ಇಷ್ಟಲಿಂಗ ಪೂಜೆ ಮುಗಿಸಿ, ಸಂಜೆ ಕಟ್ಟೆಗೆ ಬಂದು ಆ ಶಬ್ದಗಳನ್ನು ಆಡುತ್ತಿದ್ದರು. 1970ರಲ್ಲಿ ಧಾರವಾಡದಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವೇರಿದಾಗ ಅವರಿಗೂ ನಮ್ಮವರ ಬಾಯಿಂದ ಅದೇ ಶಬ್ದಗಳು ಬಂದವು. ಮಾತಾಜಿಯವರ ಕೆಲವು ನಿಲುವುಗಳನ್ನು, ಮುಖ್ಯವಾಗಿ ವಚನಾಂಕಿತ ಬದಲಿಸಿದ್ದನ್ನು, ನಾನು ಒಪ್ಪದವನು. ಒಪ್ಪದಿರುವುದಕ್ಕೂ ಹೀಯಾಳಿಸುವುದಕ್ಕೂ ಅಂತರವಿದೆ. ಅಕ್ಕಮಹಾದೇವಿಯವರನ್ನು ಅನುಭವ ಮಂಟಪದಲ್ಲಿ ಕಠಿಣವಾಗಿಯೇ ಪ್ರಶ್ನಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ, ಉತ್ತರ ಕೇಳಿ ತಲೆಬಾಗಿದರೆಂದೂ ಹೇಳುತ್ತದೆ. ಇಂದಿರಾ ಅವರನ್ನು ಖಂಡಿಸಲು 1975ರ ಜೂನ್ 25 ಸಾಕು. ಅವರ ಸೀರೆ, ಕುಂಕುಮಗಳ ಮಾತು ಬೇಕಿಲ್ಲ.

ಪಂಜಾಬಿನ ವಿಷಯವೂ ನಮಗೆ ಸಂಬಂಧಿಸಿದ್ದು. ಅಕಾಲಿಗಳನ್ನು ಹಣಿಯಲು ಕಾಂಗ್ರೆಸ್ಸಿನವರೇ ಭಿಂದ್ರನ್‌ವಾಲೆಯನ್ನು ಬೆಳೆಯಗೊಟ್ಟರೆಂದು ಬರೆದ ಇತಿಹಾಸಕಾರರು ಅನೇಕರು. 1984ರ ಜೂನಿನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿತು. ಅಕ್ಟೋಬರ್ 31ರಂದು ಅವರ ಕಾವಲಿನವರೇ ಅವರನ್ನು ಕೊಂದರು. ಆ ಮೇಲಿನ ಕೆಲವೇ ದಿನಗಳಲ್ಲಿ ದೆಹಲಿಯೊಂದರಲ್ಲೇ, ಸರಕಾರದ ಲೆಕ್ಕದಂತೆ, 2,733 ಸಿಖ್ಖರ ಕೊಲೆಯಾಯಿತು. ಆ ಕಿಚ್ಚು ಕಲ್ಯಾಣದ ನೆಲಕ್ಕೂ ಬಂತು. 1988ರಲ್ಲಿ ಬೀದರದಲ್ಲಿ, ಗುರುನಾನಕ್ ಝೀರಾ ಇರುವ ಊರಿನಲ್ಲಿ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳನ್ನು ಕೊಂದರು. ಬಸವಕಲ್ಯಾಣದ ಜಿಲ್ಲೆಯಲ್ಲಿ ನಡೆದ ಈ ಘಟನೆಯನ್ನು ನಮ್ಮ ಎಷ್ಟು ವೇದಿಕೆಗಳಲ್ಲಿ ನೆನೆದಿದ್ದೇವೆ? ಸ್ವತಂತ್ರ ಧರ್ಮದ ಮಾನ್ಯತೆ ಕೇಳುತ್ತಿರುವವರು ನಾವು. 2018ರ ಮಾರ್ಚಿನಲ್ಲಿ ರಾಜ್ಯ ಸರಕಾರ ಶಿಫಾರಸು ಮಾಡಿತು, ಮೇ ತಿಂಗಳಲ್ಲಿ ಚುನಾವಣೆ ನಡೆಯಿತು, ಆಮೇಲೆ ಆ ಕಡತಕ್ಕೆ ಬಂದ ಗತಿ ಎಲ್ಲರಿಗೂ ಗೊತ್ತು. ನಮ್ಮ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡುವ ಮಾತೇ ಇಲ್ಲ. ಆದರೆ ಅದು ಯಾವ ಪಕ್ಷದ ಚುನಾವಣಾ ಸಾಮಗ್ರಿಯೂ ಆಗದಂತೆ ಕಾಯುವ ಹೊಣೆ ನಮ್ಮದು. ಧರ್ಮವನ್ನು ದಾಳ ಮಾಡಿಕೊಂಡ ರಾಜಕಾರಣ ಎಲ್ಲಿ ಮುಟ್ಟಿತು ಎಂಬುದನ್ನು ಪಂಜಾಬ್ ನೋಡಿದೆ.

“ಇಂದಿರಾ ಎಂದರೆ ಇಂಡಿಯಾ” ಎಂದು ಅವರ ಪಕ್ಷದ ಅಧ್ಯಕ್ಷ ದೇವಕಾಂತ ಬರೂವಾ ಹೇಳಿದ್ದನ್ನು ನಾವು ನಗುತ್ತ ನೆನೆಯುತ್ತೇವೆ. ಅನುಭವ ಮಂಟಪದಲ್ಲಿ ಅಧಿಕಾರವಿದ್ದ ಮಂತ್ರಿ ಬಸವಣ್ಣನವರು ಶೂನ್ಯ ಸಿಂಹಾಸನ ಏರಲಿಲ್ಲ, ಅಲ್ಲಮಪ್ರಭುಗಳನ್ನು ಕೂರಿಸಿ ತಾವು ಕೆಳಗೆ ಕುಳಿತರು. ಇಂದು ನಮ್ಮ ಶಿಕ್ಷಣ ಸಂಸ್ಥೆಗಳಲ್ಲಿ, ಸಮಾಜದ ಸಂಘಗಳಲ್ಲಿ ಹೊತ್ತಿಗೆ ಸರಿಯಾಗಿ ಚುನಾವಣೆ ನಡೆಸಿ, ಲೆಕ್ಕಪತ್ರ ಓದಿ ಹೇಳುವವು ಎಷ್ಟು? ಕಾರ್ಯಕಾರಿ ಸಮಿತಿಗಳಲ್ಲಿ ತಾಯಂದಿರು ಎಷ್ಟು ಜನ? ಪ್ರಶ್ನೆ ಕೇಳಿದವನನ್ನು ಮುಂದಿನ ಸಭೆಗೆ ಕರೆಯದಿರುವ ಪದ್ಧತಿ ನನಗೆ ಅನುಭವದಿಂದ ಗೊತ್ತು. ಯಾವ ಸಂಸ್ಥೆ ಎಂದು ಹೇಳುವುದಿಲ್ಲ. ಓದುವಾಗ ನಿಮಗೂ ನಿಮ್ಮ ಊರಿನದೊಂದು ನೆನಪಾಗಿರಬಹುದು.

ನಮ್ಮ ತಂದೆಯವರು ಲಿಂಗೈಕ್ಯರಾಗಿ ಮೂವತ್ತು ವರ್ಷ ದಾಟಿತು. ಅವರ ಎದುರಿಗೆ ನಾನು ಒಮ್ಮೆಯೂ, ಹೊಲ ಹೋಗಿದ್ದು ನ್ಯಾಯವೇ ಆಯಿತು ಎಂದು ಹೇಳಲಿಲ್ಲ. ಧೈರ್ಯ ಇರಲಿಲ್ಲ. ಕಳೆದ ವರ್ಷ ಊರಿಗೆ ಹೋದಾಗ ಆ ಐದೂವರೆ ಎಕರೆಯ ಬದುವಿನ ಮೇಲೆ ನಿಂತಿದ್ದೆ. ಅವರ ಮೊಮ್ಮಗ ಬೋರ್ ಹಾಕಿಸಿ ಉಳ್ಳಾಗಡ್ಡಿ ಹಚ್ಚಿದ್ದಾನೆ. ಮನೆಗೆ ಕರೆದ, ಹೋದೆ. ಪಡಸಾಲೆಯಲ್ಲಿ ಬಸವಣ್ಣನವರ ಫೋಟೋ ಇತ್ತು, ಅದರ ಪಕ್ಕದಲ್ಲಿ ಅರಸರದು, ಆ ಪಕ್ಕದಲ್ಲಿ ಇಂದಿರಾ ಅವರದು. ಚಹಾ ಕೊಟ್ಟ. ಕುಡಿದೆ. ಬೋರಿನ ಮೋಟಾರು ಪದೇ ಪದೇ ಸುಡುತ್ತದೆ ಎಂದ, ಕೇಬಲ್ ದಪ್ಪ ಸಾಲದು ಎಂದು ಹೇಳಿ ಅಳತೆ ಬರೆದುಕೊಟ್ಟು ಬಂದೆ.

1974ರಿಂದ 1977ರ ನಡುವಿನ ನೆನಪುಗಳಿರುವ ಓದುಗರು ಬರೆದು ಕಳಿಸಬೇಕೆಂದು ವಿನಂತಿ. ಹೊಲ ಕಳೆದುಕೊಂಡವರು ಬರೆಯಲಿ, ಪಡೆದವರೂ ಬರೆಯಲಿ. ಪಡೆದವರ ಪತ್ರಗಳು ನಮ್ಮ ಪತ್ರಿಕೆಗೆ ಈವರೆಗೆ ಬಂದದ್ದು ಬಹಳ ಕಡಿಮೆ, ಹಾಗಾಗಿ ಅವುಗಳಿಗೆ ಮುಂದಿನ ಸಂಚಿಕೆಯಲ್ಲಿ ಮೊದಲ ಜಾಗ.